ಮೂರು ಕೈ ಹಳದಿ

ಮರದ ಬಾತುಕೋಳಿಯನ್ನು ಮೊಮ್ಮಗಳ ಕೈಗೆ ಕೊಟ್ಟವಳು ಅಜ್ಜಿಯೇ. ಆಟಿಕೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಣ್ಣ ಹಚ್ಚಿದವಳು. ತನ್ನ ಕೆಲಸವನ್ನು ಮೊಮ್ಮಗಳ ಕೈಯಲ್ಲಿ ನೋಡಬೇಡವೇ? ಮಗುವೂ ಅಷ್ಟೇ, ಕೊಕ್ಕನ್ನು ಬಾಯಿಂದ ತೆಗೆದರೆ ಕೇಳಿ! ತಿಂಗಳಿಂದ ಮಗುವಿಗೆ ಬಿಟ್ಟೂಬಿಡದ ಹೊಟ್ಟೆನೋವು. ಇವತ್ತು ರಕ್ತಪರೀಕ್ಷೆಯ ವರದಿ ತರಲು ಮಗಳು ಆಸ್ಪತ್ರೆಗೆ ಹೋಗಿದ್ದಳು. ಅಜ್ಜಿ ಮಗುವನ್ನು ಆಡಿಸುತ್ತಾ ಹಳೆಯದನ್ನು ನೆನೆಯುತ್ತಿದ್ದಳು.

ಅದೆಂಥ ದಿನಗಳು! ಕಿಟಕಿ ಪಕ್ಕದ ಉದ್ದ ಮೇಜಿಗೆ ಒಂಬತ್ತು ಹೆಂಗಸರು, ಟರ್ಪೆಂಟೈನ್ ವಾಸನೆ, ಬಿಡುವಿಲ್ಲದ ಹರಟೆ. ಗೊಂಬೆಗೆ ಕಣ್ಣು ಬರೆಯುವಾಗ ಮಾತ್ರ ಎಲ್ಲರೂ ಗಪ್‌ಚಿಪ್. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಉಸಿರು ಹಿಡಿದು, ಒಂದೇ ಚುಕ್ಕಿ. ಸಂಜೆಗೆ ಒಬ್ಬೊಬ್ಬರ ತುಟಿ ಒಂದೊಂದು ಬಣ್ಣ. "ಇವತ್ತು ನಿನ್ನ ಗಂಡ ಗುರುತು ಹಿಡೀತಾನೇನೇ?" ಎಂದು ರೇಗಿಸಿಕೊಂಡೇ ಮನೆಗೆ ಹೋಗುತ್ತಿದ್ದರು. ಅಂಗಡಿಗೆ ಹೋಗುವ ಬಾತುಕೋಳಿಗೆ ಎರಡು ಕೈ ಹಳದಿ ಬಳಿದರೆ ಸಾಕಿತ್ತು. ಮಗಳು ಹುಟ್ಟಿದಾಗ ಮಾತ್ರ ಮೇಸ್ತ್ರಿಯನ್ನು ಕಾಡಿ ಬೇಡಿ ಒಂದನ್ನು ಪಡೆದು, ಅದಕ್ಕೆ ಮೂರು ಕೈ ಬಳಿದಿದ್ದಳು. ತನ್ನ ಮಗಳದ್ದು ಎಲ್ಲರದ್ದಕ್ಕಿಂತ ಹೊಳೆಯಬೇಕೆಂಬ ಆಸೆ, ಪಾಪ.

ಮಗಳು ಬಂದವಳೇ ಚಪ್ಪಲಿಯನ್ನೂ ಬಿಡದೆ ಬಾತುಕೋಳಿಯನ್ನು ಕಿತ್ತುಕೊಂಡಳು. ಮಗು ಕಿಟಾರನೆ ಕಿರುಚಿತು.

"ಅಮ್ಮಾ, ಪುಟ್ಟಿ ರಕ್ತದಲ್ಲಿ ಸೀಸ ಇದೆಯಂತೆ. ಹಳೇ ಬಣ್ಣದಲ್ಲಿರೋ ವಿಷ ಅದು, ಹಳದೀಲಿ ಇನ್ನೂ ಜಾಸ್ತಿಯಂತೆ."

"ಸುಮ್ನಿರೇ! ಆ ಬಣ್ಣಾನ ನಾನು ದಿನಾ ನೆಕ್ಕಿದ್ದೀನಿ, ಗುಂಡುಕಲ್ಲಿನ ಹಾಗಿಲ್ವಾ? ನೀನೂ ಇದನ್ನೇ ಚೀಪಿ ಬೆಳೆದೋಳು. ನಿನಗೇನಾಯ್ತು?"

"ಇನ್ಮೇಲೆ ಬಾಯಿಗೆ ಹೋಗದಿದ್ರೆ ಇಳಿಯುತ್ತೆ ಅಂದ್ರು ಡಾಕ್ಟ್ರು. ಹಾಗೇ ಬಿಟ್ಟಿದ್ರೆ ಓದು, ಲೆಕ್ಕ ಯಾವುದೂ ತಲೆಗೆ ಹತ್ತೋದೇ ಕಷ್ಟ ಆಗ್ತಿತ್ತಂತೆ."

ಅಜ್ಜಿ ತಲೆಯೆತ್ತಿ ಮಗಳ ಮುಖ ನೋಡಿದಳು. ಇವಳು ಮೂರನೇ ಕ್ಲಾಸಿನಲ್ಲೇ ಮೂರು ವರ್ಷ ಕೂತ ಹುಡುಗಿ. ಮಗ್ಗಿ ತಪ್ಪಿದಾಗಲೆಲ್ಲ ಬೆನ್ನಿಗೆ ಬಿದ್ದ ಏಟು ತನ್ನದೇ. "ಎಲ್ಲಿಂದ ಬಂದೆಯೇ ಮೊದ್ದು, ನನ್ನ ಹೊಟ್ಟೇಲಿ!" ಎಂದದ್ದು ಎಷ್ಟು ಸಲವೋ.

"ನಾನೇ ಕಣೇ... ನನ್ನ ಕೈಯಾರೆ ನಿನಗೆ..."

ಮಗಳು ಬೈಯಲಿಲ್ಲ. ಬಾತುಕೋಳಿಯನ್ನು ಕವರಿನಲ್ಲಿ ಹಾಕಿ ಬಿಗಿಯಾಗಿ ಗಂಟು ಕಟ್ಟಿದಳು. ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದು ಅಮ್ಮನ ಪಕ್ಕ ಕೂತಳು. ಮಗುವಿನ ಅಳು ನಿಂತ ಮೇಲೆ, ಮೂವತ್ತೈದು ದಾಟಿದ ಆ ಹೆಂಗಸು ಮೆಲ್ಲಗೆ ಕೇಳಿದಳು:

"ಹಾಗಾದ್ರೆ ಅಮ್ಮಾ, ನಾನು ದಡ್ಡಿ ಆಗಿರ್ಲಿಲ್ಲ, ಅಲ್ವಾ?"