ಕಣ್ಣಿಲ್ಲದೆ ಬಳ್ಳಾರಿ ಬಿಟ್ಟ ರೂಯ್‌ಕಾಟ್

ನಾನೊಂದು ಮರದ ಬೆಕ್ಕು. ಬೆಕ್ಕು ಎಂದೊಡನೆ ಹಾಲಿನ ಬಟ್ಟಲನ್ನು ನೆನೆಸಿಕೊಳ್ಳಬೇಡಿ, ನನಗೆ ಸಿಟ್ಟು ಬರುತ್ತದೆ! ನಾನು ರೂಯ್‌ಕಾಟ್. ದಕ್ಷಿಣ ಆಫ್ರಿಕಾದ ಬೋಳುಗುಡ್ಡಗಳಲ್ಲಿ ಆಳೆತ್ತರ ಚಿಮ್ಮಿ, ಹಾರುವ ಹಕ್ಕಿಯನ್ನೇ ಹೊಡೆದು ಕೆಡಹುವ ಕೆಂಪು ಕಾಡುಬೆಕ್ಕಿಗೆ ಅಲ್ಲಿಯವರು ಇಟ್ಟ ಹೆಸರು ಅದು. ಕಿವಿಯ ತುದಿಗೆ ಕರಿಕೂದಲ ಜುಟ್ಟು ಬೇರೆ. ಇಷ್ಟೆಲ್ಲ ಬಿಂಕವಿದ್ದರೂ ನಾನು ಹುಟ್ಟಿದ್ದು ಮಾತ್ರ ಬಳ್ಳಾರಿಯಲ್ಲಿ, ಮುರಿದ ಎತ್ತಿನ ಗಾಡಿಯ ಚಕ್ರದಿಂದ.

ಅದು ಬೋಯರ್ ಯುದ್ಧದ ಕಾಲ. ಇಂಗ್ಲಿಷರು ದಕ್ಷಿಣ ಆಫ್ರಿಕಾದ ಬೋಯರ್ ರೈತರನ್ನು ಸೆರೆಹಿಡಿದು, ಹಡಗಿನಲ್ಲಿ ತಂದು ಬಳ್ಳಾರಿಯ ಶಿಬಿರದಲ್ಲಿ ಕೂಡಿಹಾಕಿದ್ದರು. ಅವರಲ್ಲಿ ಕೋಬಸ್ ಎಂಬವನು ಕುರಿ ಸಾಕುವವನು. ಶಿಬಿರದ ಮಂಚ, ಬಾಗಿಲು ರಿಪೇರಿಗೆ ಬರುತ್ತಿದ್ದ ಬಡಿಗ ಮೌನಾಚಾರ್ರ ಜೊತೆ ಕೆಲಸಕ್ಕೆ ನಿಂತು ಅವನು ಅಷ್ಟಿಷ್ಟು ಕನ್ನಡ ಕಲಿತಿದ್ದ. ಅವರದೇ ಉಳಿ ಬೇಡಿ, ಆ ಮುರಿದ ಚಕ್ರದ ಜಾಲಿಮರದ ತುಂಡಿನಿಂದ ನನ್ನನ್ನು ಕೆತ್ತತೊಡಗಿದ. ಆಗ ನನಗೆ ಕಣ್ಣಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು.

"ಎಲ್ಲಾರೂ ಕುದುರಿ ಕೆತ್ತಾಕತ್ತಾರ. ನೀ ಯಾಕ್ ಬೆಕ್ಕು ಹಿಡ್ದಿ ಕೋಬಸಪ್ಪ?"

"ಮಗಳು ಲೀನಾಗೆ, ಆಚಾರ್ರೇ. ಕುರಿಮರಿ ತಿಂತು ರೂಯ್‌ಕಾಟ್. ನಾನು ಗುಂಡು ಹೊಡೆದೆ. ಲೀನಾ ಅತ್ತಳು, ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಸೋಲ್ಜರ್ ಬಂದರು, ನನ್ನ ಒಯ್ದರು. ಎರಡು ವರ್ಷ. ಇನ್ನೂ ಮಾತಿಲ್ಲ. ಕಾಗದದಲ್ಲಿಯೂ ಇಲ್ಲ."

ಆಚಾರ್ರು ತಮ್ಮ ಕರಿಕಂಬಳಿಯಿಂದ ನಾಲ್ಕು ಎಳೆ ಕಿತ್ತು ನನ್ನ ಕಿವಿಗೆ ಅಂಟಿಸಿದರು.

ಎಲ್ಲ ಮುಗಿದರೂ ಕಣ್ಣು ಕೊರೆಯಲು ಕೋಬಸ್‌ಗೆ ಕೈ ಬರಲಿಲ್ಲ. ಗುಂಡು ತಿಂದ ಬೆಕ್ಕು ಅವನನ್ನೇ ನೋಡುತ್ತ ಸತ್ತಿತ್ತಂತೆ. "ಇರ್ಲಿ ಬಿಡು. ಕಣ್ಣು ಕಡೀಗೆ, ಒಳ್ಳೆ ದಿನ ನೋಡಿ ತೆರಿಬೇಕು. ನಾನ ತೆರಸ್ತೀನಿ" ಎಂದು ಆಚಾರ್ರು ನನ್ನನ್ನು ಮನೆಗೆ ಒಯ್ದರು.

ಒಳ್ಳೆಯ ದಿನ ಬರುವ ಮೊದಲೇ ಅಮಾವಾಸ್ಯೆ ಬಂತು. ಅಂದು ಆ ಮನೆಯಲ್ಲಿ ಯಾರೂ ಉಳಿ ಮುಟ್ಟುವುದಿಲ್ಲ. ಆಚಾರ್ರ ಹೆಂಡತಿ ಕಾಳಮ್ಮ ನೀರಿಗೆ ಹೋದವರು ಏದುಸಿರು ಬಿಡುತ್ತ ಬಂದರು.

"ಏನ್ರೀ! ಬೋಯರ್ ಮಂದೀನೆಲ್ಲ ಬಿಟ್ಟಾರಂತ್ರೀ! ಈಗಿನ ರೈಲಿಗೇ ಹೊಂಟಾರ!"

"ಅಯ್ಯೋ, ಇದಕ್ಕಿನ್ನೂ ಕಣ್ಣಿಲ್ಲಲ್ಲೇ!"

"ಕಣ್ಣಿಲ್ದಿದ್ರ ಇಲ್ಲ, ಬೆಕ್ಕಾದ್ರೂ ಅವರ ಕೈ ಸೇರ್ಲಿ. ಓಡ್ರಿ!"

ಅಬ್ಬಾ, ಆ ಓಟ! ಆಚಾರ್ರು ನನ್ನನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಿದ್ದಂಬೀಳ ಓಡಿದರು. ಜಟಕಾದವನೊಬ್ಬ ಬೈದ. ಯಾರದೋ ಬುಟ್ಟಿ ಉರುಳಿತು. ರೈಲು ಕೂಗಿತು! ಅವರ ಎದೆ ಡವಡವ ಎನ್ನುತ್ತಿದ್ದುದು ನನ್ನ ಬೆನ್ನಿಗೇ ಬಡಿಯುತ್ತಿತ್ತು. ನಾನು ನಿಜವಾದ ರೂಯ್‌ಕಾಟ್ ಆಗಿದ್ದರೆ ಒಂದೇ ನೆಗೆತಕ್ಕೆ ರೈಲಿನ ಡಬ್ಬಿಯೊಳಗೆ ಇರುತ್ತಿದ್ದೆ!

"ಕೋಬಸಪ್ಪಾ!"

ಗಾಲಿಗಳು ಕದಲಿದ್ದವು. ಕಿಟಕಿಯಿಂದ ಚಾಚಿದ ಕೈ ನನ್ನನ್ನು ಹಿಡಿದು ತಡವಿತು. "ಕಣ್ಣು? ಆಚಾರ್ರೇ, ಕಣ್ಣೆಲ್ಲಿ?"

"ನನ್ನ ಕೈಲಿ ಆಗ್ಲಿಲ್ಲಪ್ಪಾ! ತಗಾ, ಉಳಿ ತಗಾ! ಮಗಳ್ನ ಎದುರಿಗೆ ಕುಂದ್ರಿಸ್ಕೊಂಡು ನೀನ ತೆರಿ. ಮೊದ್ಲು ಆಕೀನ್ನ ನೋಡ್ಲಿ!"

ಅದು ಅವರಪ್ಪನ ಕಾಲದ ಸಣ್ಣ ಉಳಿ. ಮುಟ್ಟಬಾರದ ದಿನ ಅವರು ಅದನ್ನು ಮುಟ್ಟಿದ್ದರು, ಕೆತ್ತಲಿಕ್ಕಲ್ಲ, ಕೊಡಲಿಕ್ಕೆ.

ಆಮೇಲೆ ಹಡಗು, ಮತ್ತೆ ರೈಲು, ಕುದುರೆಗಾಡಿ, ಕುರಿಗಳ ವಾಸನೆ. ಕೊನೆಗೆ ಒಂದು ಮನೆಯ ಮೆಟ್ಟಿಲು. "ಲೀನಾ" ಎಂದ ಕೋಬಸ್. ಹೆಜ್ಜೆ ಸಪ್ಪಳ ಹತ್ತಿರ ಬಂದು ನಿಂತಿತು, ಮಾತು ಬರಲಿಲ್ಲ. ಅವನು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಉಳಿ ಊರಿದ. ಉಳಿ ಜಾರಿ ಕೆನ್ನೆಗೆ ಬಂತು. ಇನ್ನೇನು ಮೂಗು ಹೋಗುತ್ತದೆ ಎಂದು ಹೆದರಿದೆ.

ಅಷ್ಟರಲ್ಲಿ ಪುಟ್ಟ ಬೆರಳುಗಳು ಅವನ ಮುಷ್ಟಿಯ ಮೇಲೆ ಕೂತವು.

"ಅಪ್ಪಾ, ಮೆಲ್ಲಗೆ. ನಾನೂ ಹಿಡ್ಕೋತೀನಿ" ಎಂದಳು ಅವರ ಭಾಷೆಯಲ್ಲಿ.

ಸಿಬರು ಹಾರಿತು. ಬೆಳಕು! ಆ ಬೆಳಕಿನಲ್ಲಿ ಮೊಟ್ಟಮೊದಲು ಕಂಡದ್ದು ಹಲ್ಲಿನ ನಡುವೆ ನಾಲಗೆ ಕಚ್ಚಿಕೊಂಡ ಹನ್ನೊಂದು ವರ್ಷದ ಹುಡುಗಿ. ನನ್ನ ಮೇಲೆ ಬಾಗಿ ಅಳುತ್ತ ನಗುತ್ತಿದ್ದ ದೊಡ್ಡ ಗಡ್ಡದವನೇ ಕೋಬಸ್ ಎಂದು ದನಿಯಿಂದ ಗುರುತಿಸಿದೆ. ನನಗಾದ ಸಂತೋಷ ಹೇಳತೀರದು.

ಈಗ ಲೀನಾಳ ಮೊಮ್ಮಗಳ ಮನೆಯ ಕಿಟಕಿಯಲ್ಲಿ ಕೂತಿದ್ದೇನೆ. ಕಿವಿಯಲ್ಲಿ ಒಂದೇ ಎಳೆ ಕಂಬಳಿ ಉಳಿದಿದೆ. ಪಕ್ಕದಲ್ಲಿ ಆ ಉಳಿ. ಮೊನ್ನೆ ನಿಜವಾದ ರೂಯ್‌ಕಾಟ್ ಒಂದು ಗೋಡೆ ಹತ್ತಿ ನನ್ನನ್ನು ದಿಟ್ಟಿಸಿ ಹೋಯಿತು. ಯಾರೂ ಬಂದೂಕು ಹಿಡಿಯಲಿಲ್ಲ. ಇವೆಲ್ಲವನ್ನೂ ಕಣ್ತುಂಬ ನೋಡಿದ್ದೇನೆ. ಮೌನಾಚಾರ್ರ ಮುಖವೊಂದನ್ನು ಮಾತ್ರ ನೋಡಲಿಲ್ಲ. ನೋಡಬೇಕಿತ್ತು.