ಹಗುರಾದ ಹಿಮ್ಮಡಿ

ಹಿಮ್ಮಡಿ ಹಗುರಾಗಿದೆ, ನಿನ್ನೆಯವರೆಗೆ ಮರಳಿನಲ್ಲಿ ಎರಡು ಬೆರಳು ಹೂತಿರುತ್ತಿದ್ದ ಹಿಮ್ಮಡಿ ಈ ಬೆಳಿಗ್ಗೆ ಸುಮ್ಮನೆ ಸವರಿಕೊಂಡು ಹೋಗಿದೆ — ಅತ್ತೆಯದೇ, ಅನುಮಾನವಿಲ್ಲ, ಎಡಗಾಲು ತುಸು ಒಳಕ್ಕೆ, ತೊಗಲು ಕೆರದ ಬಲ ಅಂಚಿನಲ್ಲಿ ಹೊಲಿಗೆಯ ಗೀರು, ಆರು ವರ್ಷ ಓದಿದ ಹೆಜ್ಜೆ, ಹೆಂಡತಿಯ ತಾಯಿಯ ಮುಖವನ್ನು ಅಳಿಯ ನೋಡುವಂತಿಲ್ಲ, ಅವಳೂ ಇವನನ್ನು ನೋಡುವಂತಿಲ್ಲ, ಅದು ನಮ್ಮ ಅಪಾಚೆಗಳಲ್ಲಿ ಅತ್ತೆ ಅಳಿಯ ಒಬ್ಬರಿಗೊಬ್ಬರು ಕೊಡುವ ಮರ್ಯಾದೆ, ಹಾಗಾಗಿ ಅವಳು ನೀರಿಗೆ ಹೋದಳೋ ಸೌದೆಗೆ ಹೋದಳೋ ನೆಲ ನೋಡಿಯೇ ತಿಳಿದು ಬೇರೆ ದಾರಿ ಹಿಡಿಯುತ್ತಿದ್ದೆ, ನನ್ನ ಹೆಂಡತಿ ನಾಯ್ಲೀನ್ ಬಿದ್ದು ಬಿದ್ದು ನಗುತ್ತಿದ್ದಳು, ನನ್ ಮುಖಕ್ಕಿಂತ ನಮ್ಮವ್ವನ ಕಾಲೇ ನಿಂಗೆ ಚೆನ್ನಾಗ್ ಗೊತ್ತು ಕಣಯ್ಯಾ, ಗೊತ್ತು ಕಣೇ, ಆ ಗೊತ್ತಿಗೇ ಬಿಳಿಯರ ಸೈನ್ಯದವರು ನನ್ನನ್ನು ಮುಂದೆ ಬಿಟ್ಟುಕೊಂಡು, ಓಡಿಹೋದ ನಮ್ಮವರ ಬೆನ್ನು ಹತ್ತಿ ಹನ್ನೊಂದು ದಿನದಿಂದ ಬರುತ್ತಿರುವುದು.

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಹಸ್ಕೇ, ನನ್ನಂತೆಯೇ ಅಪಾಚೆ, ನನ್ನಂತೆಯೇ ತಲೆಗೆ ಕೆಂಪು ಪಟ್ಟಿ, ಅದಿಲ್ಲದಿದ್ದರೆ ಸಿಪಾಯಿಗಳು ನಮಗೇ ಗುಂಡಿಟ್ಟಾರು — ಏನಪ್ಪಾ, ನಿಮ್ಮತ್ತೆ ಹೊರೆ ಇಳಿಸಿದ್ಲಾ ಎಂದ, ಇಳಿಸಿದ್ಲು, ತಿನ್ನೋಕೆ ಹೊತ್ತಿದ್ದ ಸುಟ್ಟ ಕತ್ತಾಳೆ ಗೆಡ್ಡೆ ಮುಗ್ದಿರ್ಬೇಕು ಎಂದೆ, ಅಷ್ಟ್ ದಿನಕ್ಕಾಗೋ ಗೆಡ್ಡೆ ಹೊತ್ಕೊಂಡ್ ಯಾರಾದ್ರೂ ಓಡ್ತಾರೇನೋ ಎಂದ, ಸುಮ್ನಿರೋ ಎಂದೆ, ಅವನು ಸುಮ್ಮನಾದ, ಅವನು ಸುಮ್ಮನಾಗಬಾರದಿತ್ತು. ನಾಯ್ಲೀನಳ ಹೆಜ್ಜೆ ಕಾಣದೆ ಐದು ದಿನ, ಅವರ ಜೊತೆಗಿದ್ದ ಹೇಸರಗತ್ತೆ ಮೇಲೆ ಕೂತಿದ್ದಾಳೆ ಎಂದುಕೊಂಡೆ, ಆ ಗೊರಸಿನ ಗುರುತು ಮೂರನೇ ಕಣಿವೆಯಲ್ಲೇ ನಿಂತುಹೋಯಿತು, ಆದರೂ ಕೂತಿದ್ದಾಳೆ ಎಂದುಕೊಂಡೆ. ನಮ್ಮವರೆಲ್ಲ ಬೀಡು ತೊರೆದು ಬೆಟ್ಟಕ್ಕೆ ಓಡಿದಾಗ ನಾನು ಸೈನ್ಯದ ಕೋಟೆಯಲ್ಲಿದ್ದೆ, ಜ್ವರ ಬಿಟ್ಟು ಎರಡೇ ದಿನವಾಗಿದ್ದ ಅವಳನ್ನೂ ಕರೆದುಕೊಂಡು ಹೋದರು, ಲೆಫ್ಟಿನೆಂಟ್ ಹೆಗಲ ಮೇಲೆ ಕೈಯಿಟ್ಟ, ದಾರಿ ತೋರ್ಸು, ನಿನ್ ಹೆಂಡ್ತೀನ ಜೀವಂತ ನಿನ್ ಕೈಗೆ ಕೊಡ್ತೀನಿ, ನಂಬಿದೆ, ಎಲ್ಲೂ ಅವರನ್ನು ನಿಲ್ಲಗೊಡದೆ, ಒಂದು ಹೊತ್ತು ಮಲಗಗೊಡದೆ ಅಟ್ಟಿಸಿದೆ, ಬೇಗ ಹಿಡಿದಷ್ಟೂ ಅವಳಿಗೆ ಒಳ್ಳೆಯದೆಂದು ನಾನೇ, ನಾನೇ ಅವಸರ ಮಾಡಿದೆ.

ನಡು ಮಧ್ಯಾಹ್ನ, ಬಂಡೆಯ ಕೆಳಗಿನ ಒರತೆಯ ಹತ್ತಿರ ಸಿಕ್ಕಿದರು, ಒಂದು ಗುಂಡೂ ಹಾರಲಿಲ್ಲ, ಹಾರಿಸಲು ಅವರಲ್ಲಿ ಶಕ್ತಿಯೆಲ್ಲಿ, ಒಬ್ಬೊಬ್ಬರಾಗಿ ಇಳಿದು ಬರುತ್ತಿದ್ದಾರೆ, ಗಂಡಸರು, ಹೆಂಗಸರು, ಎಣಿಸುತ್ತೇನೆ, ಅವಳಿಲ್ಲ, ಮತ್ತೆ ಎಣಿಸುತ್ತೇನೆ, ಮುಖ ತಿರುಗ್ಸೋ, ನಿಮ್ಮತ್ತೆ ಬಂದ್ಲು ಎಂದು ಹಸ್ಕೇ ಕೂಗುತ್ತಾನೆ, ತಲೆ ತಗ್ಗಿಸಿದೆ, ನೆಲ ನೋಡಿದೆ, ಆ ಕೆರಗಳು ಬಂದವು, ಪಕ್ಕಕ್ಕೆ ಸರಿಯಲಿಲ್ಲ, ನನ್ನೆದುರೇ ನಿಂತವು, ಈ ಆರು ವರ್ಷದಲ್ಲಿ ಒಂದು ದಿನವೂ ಆ ಕಾಲ್ಬೆರಳು ನನ್ನ ಕಡೆ ತಿರುಗಿದ್ದಿಲ್ಲ. ಸರಿಯವ್ವಾ, ಸರಿದು ಹೋಗು, ಬಾಯಿ ಬಿಟ್ಟು ಹೇಳಲಾರೆ, ಅವಳೊಡನೆ ಮಾತೂ ಆಡುವಂತಿಲ್ಲ — ತಲೆಯೆತ್ತಿದೆ. ಕೂದಲು ಕಿವಿಯವರೆಗೆ ಕತ್ತರಿಸಿದೆ, ಚೂರಿಯಲ್ಲಿ, ಅಡ್ಡಾದಿಡ್ಡಿ, ಕರುಳಿನ ಕುಡಿ ಸತ್ತಾಗ ಕತ್ತರಿಸಿಕೊಳ್ಳುವ ಹಾಗೆ, ಬೆನ್ನ ಮೇಲೆ ಹೊತ್ತಿದ್ದ ಮಗಳೇ ಆ ಹೊರೆ, ಇಳಿಸಿದ್ದಳು, ನಿನ್ನೆ, ಯಾವ ಕಲ್ಲಿನ ಸಂದಿಯಲ್ಲಿ, ಕೇಳುವುದು ಯಾರನ್ನು, ಸತ್ತವರ ಹೆಸರು ನಮ್ಮಲ್ಲಿ ಎತ್ತುವಂತಿಲ್ಲ, ಹೋದವಳ ಹೆಸರು ಇನ್ನು ನನ್ನ ಮನಸ್ಸಿನಲ್ಲೂ ಬರಬಾರದು. ಹೆಗಲ ಮೇಲೆ ಕಂಬಳಿಯಿದೆ, ಎಳೆದುಕೊಂಡರೆ ಮುಖ ಮುಚ್ಚುತ್ತದೆ, ಎಳೆದುಕೋ ಅವ್ವಾ, ಎಳೆದುಕೊಂಡರೆ ನಾನಿನ್ನೂ ನಿನ್ನ ಅಳಿಯ, ಇನ್ನೂ ನಿಮ್ಮವನು, ಕೈ ಕಂಬಳಿಯ ಅಂಚಿನಲ್ಲೇ ಇದೆ, ಎಳೆದುಕೊಳ್ಳುತ್ತಿಲ್ಲ, ಅದೇ ಅಗಲ ಹಣೆ, ಅದೇ ಕಣ್ಣು, ಹೋದವಳ ಕಣ್ಣು ಇಲ್ಲಿಂದ ಬಂದದ್ದು, ದಾರಿಹೋಕನನ್ನು ನೋಡುವ ಹಾಗೆ ನೋಡುತ್ತಿದ್ದಾಳೆ, ಕಂಬಳಿ ಎಳೆದುಕೊಳ್ಳುತ್ತಿಲ್ಲ, ನೋಡುತ್ತಿದ್ದಾಳೆ, ಎಳೆದುಕೊಳ್ಳುತ್ತಿಲ್ಲ —