ಪಾದವಿಲ್ಲದ ಸೂರ್ಯ

ನಾನು ಒಂದು ಬಳಪದ ಕಲ್ಲಿನ ಸೂರ್ಯ. ಎತ್ತರ ಎರಡು ಗೇಣು. ಎರಡು ಕೈಯಲ್ಲಿ ಎರಡು ತಾವರೆ, ತಲೆಗೆ ಕಿರೀಟ, ಕೆಳಗೆ ಪೀಠದ ಮೇಲೆ ಏಳು ಕುದುರೆ. ನೋಡಿದವರು ಮೊದಲು ನನ್ನ ಮುಖವನ್ನು ಹೊಗಳುತ್ತಾರೆ. ಆಮೇಲೆ ಅವರ ಕಣ್ಣು ಕೆಳಗಿಳಿದು ಮೊಣಕಾಲಿನ ಹತ್ತಿರ ತಡವರಿಸುತ್ತದೆ. ಅಲ್ಲಿಂದ ಕೆಳಗೆ ನಾನಿಲ್ಲ, ಬರೀ ಕಲ್ಲಿದೆ.

ನನ್ನನ್ನು ಕೆತ್ತಿದವರು ಶಂಭಾಚಾರ್. ಮೈಸೂರಿನ ಹೊರಗೆ, ವರ್ತುಲ ರಸ್ತೆಯ ಆಚೆ ಅವರ ತಗಡಿನ ಶೆಡ್ಡು. ನೆಲದ ಮೇಲೆ ಕೂತು, ಎರಡು ಬರಿಗಾಲುಗಳ ನಡುವೆ ಕಲ್ಲನ್ನು ಒತ್ತಿ ಹಿಡಿದು ಕೆತ್ತುವುದು ಅವರ ಅಭ್ಯಾಸ. ಕಣ್ಣಿಗಿಂತ ಮೊದಲು ನನಗೆ ಗೊತ್ತಾದದ್ದು ಆ ಪಾದಗಳು. ಹಿಮ್ಮಡಿ ಒಡೆದಿತ್ತು, ಹೆಬ್ಬೆರಳು ಅಗಲವಾಗಿತ್ತು, ಹಿಡಿತ ಮಾತ್ರ ಬಲು ಗಟ್ಟಿ. ಎಲ್ಲ ಮುಗಿದ ಮೇಲೆ ಸ್ನಾನ ಮಾಡಿ ಬಂದು, ಸಣ್ಣ ಉಳಿಯಿಂದ ನನ್ನ ಕಣ್ಣು ತೆರೆಸಿದರು. ನಾನು ಮೊದಲು ನೋಡಿದ್ದು ಕೂಡ ಆ ಹೆಬ್ಬೆರಳನ್ನೇ.

ನನ್ನನ್ನು ಮಾಡಿಸಿದವರು ಅಕ್ಕಿ ಗಿರಣಿಯ ಯಜಮಾನರೊಬ್ಬರು. ಮನೆಯ ಅಂಗಳದಲ್ಲಿ ನವಗ್ರಹ ಕೂರಿಸಬೇಕೆಂದು ಒಂಬತ್ತು ವಿಗ್ರಹಗಳನ್ನೂ ಆಚಾರ್ರಿಗೆ ಹೇಳಿದ್ದರು. ಸಾಲಾಗಿ ಇಟ್ಟಾಗ ನನ್ನ ಮುಂದೆ ನಿಂತು ಮುಖ ಸಿಂಡರಿಸಿದರು.

"ಏನ್ ಆಚಾರ್ರೇ ಇದು? ಕುಂಟ ಶನಿಗೂ ಎರಡು ಪಾದ ಕೊಟ್ಟಿದ್ದೀರಿ. ಇವನಿಗೇ ಇಲ್ಲ?"

"ನಮ್ಮ ಮನೆತನದಲ್ಲಿ ಸೂರ್ಯನಿಗೆ ಪಾದ ಮಾಡಲ್ಲ ಸ್ವಾಮಿ. ನಮ್ಮ ದೊಡ್ಡಪ್ಪ ಒಂದ್ಸಲ ಯಾರದೋ ಮಾತಿಗೆ ಮಾಡಿದ್ರು. ಆರು ತಿಂಗಳಿಗೆ ಬೆರಳಿನ ಸ್ಪರ್ಶ ಹೋಯ್ತು. ಸುತ್ತಿಗೆ ಬಿದ್ದು ಉಗುರು ಹಾರಿದ್ರೂ ಅವರಿಗೆ ಗೊತ್ತಾಗ್ತಿರ್ಲಿಲ್ಲ."

ಯಜಮಾನರು ನಕ್ಕರು. ಬೇರೆ ಕಡೆಯಿಂದ ಪಾದವಿರುವ ಸೂರ್ಯನನ್ನು ತರಿಸಿಕೊಂಡರು. ಎಂಟು ಮಂದಿ ಅಲ್ಲೇ ಉಳಿದರು. ನಾನು ಗೋಣಿಚೀಲದಲ್ಲಿ ಕೂತು ಆಟೋದಲ್ಲಿ ವಾಪಸು ಬಂದೆ. ಶೆಡ್ಡಿನ ಹಲಗೆಯ ಮೇಲೆ ಕೂತ ನನಗೆ ಶನಿಯದೇ ಚಿಂತೆ. ಕುಂಟನಾದರೇನು, ಕುಂಟುವುದಕ್ಕಾದರೂ ಅವನಿಗೆ ಕಾಲಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಹೊಟ್ಟೆಯುರಿಯಿತು. ಅಂದಿನಿಂದ ಹಗಲೂ ಇರುಳೂ ಪಾದ ಬೇಕೆಂದು ಬಯಸಿದೆ. ಬಯಸುವುದರಲ್ಲಿ ಕಲ್ಲಿಗಿರುವಷ್ಟು ಹಟ ಯಾರಿಗೂ ಇಲ್ಲ. ನಮಗೆ ಬೇರೆ ಕೆಲಸವೂ ಇರುವುದಿಲ್ಲ.

ಐದು ವರ್ಷ ಹೀಗೇ ಧೂಳು ತಿಂದೆ. ಒಂದು ಬೆಳಿಗ್ಗೆ ಆಚಾರ್ರ ಮಗಳು ಮೇದಿನಿ ನನ್ನನ್ನು ಒರೆಸಿ ಬ್ಯಾಗಿಗೆ ಹಾಕಿಕೊಂಡಳು. ಹತ್ತನೆಯ ವಯಸ್ಸಿಗೇ ಅಪ್ಪನಿಂದ ಉಳಿ ಹಿಡಿಯಲು ಕಲಿತ ಹುಡುಗಿ ಅವಳು. ಈಗ ಊರೊಳಗೆ, ಒಂದು ಮಹಡಿ ಮನೆಯಲ್ಲಿ ಕಂಪ್ಯೂಟರ್ ಗೇಮ್ ಮಾಡುವ ಚಿಕ್ಕ ಕಂಪನಿಯಲ್ಲಿದ್ದಳು. ಅಲ್ಲಿನ ಪಾತ್ರಗಳನ್ನು ಕಂಪ್ಯೂಟರಿನೊಳಗೆ ಕೆತ್ತುವುದು ಅವಳ ಕೆಲಸ. ಅವಳ ಮೇಜಿನ ಮೇಲೆ ನನಗೆ ಜಾಗ ಸಿಕ್ಕಿತು.

ಎದುರಿನ ಗೋಡೆಯ ತುಂಬ ನನ್ನ ನೆಂಟರ, ಬೇರೆ ಬೇರೆ ದೇಶದ ಸೂರ್ಯದೇವರ ಚಿತ್ರಗಳು. ಗಿಡುಗದ ತಲೆಯ ಮೇಲೆ ಸೂರ್ಯಬಿಂಬ ಹೊತ್ತ ಈಜಿಪ್ಟಿನ ರಾ. ನಾಲಿಗೆ ಚಾಚಿ ನರಬಲಿ ಕೇಳುವ ಮೆಕ್ಸಿಕೋದವನು. ಮುನಿಸಿಕೊಂಡು ಗುಹೆ ಸೇರಿ ಲೋಕಕ್ಕೆಲ್ಲ ಕತ್ತಲು ಕವಿಸಿದ ಜಪಾನಿನ ಅಮತೆರಾಸು. ಪ್ರತಿಯೊಬ್ಬರಿಗೂ ಏನೋ ಒಂದು ಹಸಿವು. ಅವರ ನಡುವೆ ಕೂತಾಗ ನನ್ನ ಬಯಕೆ ನನಗೆ ಅಂಥ ದೊಡ್ಡ ತಪ್ಪಾಗಿ ಕಾಣಲಿಲ್ಲ.

ಕಂಪನಿಯ ಯಜಮಾನ ಬೋಪಯ್ಯ ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವನಲ್ಲ. ಹೊಸ ಗೇಮಿಗೆ ಅವನಿಗೆ ಆಡುವವರನ್ನು ಹೆದರಿಸುವ ಒಬ್ಬ ಸೂರ್ಯದೇವರು ಬೇಕಿತ್ತು.

"ದೇವರು ಏನು ಕೊಡ್ತಾನೆ ಅನ್ನೋದು ಆಮೇಲೆ. ಅವನು ಏನು ಕೇಳ್ತಾನೆ ಅಂತ ಮೊದಲು ಬರೀರಿ. ಆಗ ಹೆದರಿಕೆ ತಾನಾಗೇ ಬರುತ್ತೆ" ಎಂದ.

"ಆದ್ರೆ ಜಪಾನಿನ ತಾಯಿಯ ಮುಖ ತಗೊಳ್ಳೋದು ಬೇಡ ಸಾರ್. ಅವಳಿಗೆ ಇವತ್ತಿಗೂ ಪೂಜೆ ನಡೆಯುತ್ತೆ. ಅವಳ ಮುನಿಸು ತಗೊಳ್ಳೋಣ, ಮೆಕ್ಸಿಕೋದವನ ಹಸಿವು ತಗೊಳ್ಳೋಣ. ಮುಖ ನಮ್ಮಪ್ಪ ಕೆತ್ತಿದ್ದು, ಪೂಜೆಗೆ ಕೂರದೇ ಉಳಿದದ್ದು ಇದೆಯಲ್ಲ" ಎಂದಳು ಮೇದಿನಿ.

ಹೀಗೆ ಹೊನ್ನುರಿ ಎಂಬ ಹೊಸ ದೇವರು ಹುಟ್ಟಿದ. ಕಣ್ಣು, ಮೂಗು, ಕಿರೀಟ ಎಲ್ಲ ನನ್ನದೇ. ಮೇದಿನಿ ಅವನನ್ನು ರಥದಲ್ಲಿ ನಿಲ್ಲಿಸಿ ಮೊಣಕಾಲಿನ ಕೆಳಗೆ ಬೆಂಕಿಯಿಂದ ಮುಚ್ಚಿದ್ದಳು. ಬೋಪಯ್ಯ ತಲೆಯಾಡಿಸಿದ.

"ರಥ ಬೇಡ. ನಡ್ಕೊಂಡು ಬರ್ಲಿ. ದೂರದಿಂದ, ನಿಧಾನವಾಗಿ, ಹೆಜ್ಜೆ ಸದ್ದು ಕೇಳಿಸ್ತಾ. ಆಡೋರಿಗೆ ಓಡೋಕೆ ಟೈಮ್ ಇರ್ಬೇಕು, ಹೋಗೋಕೆ ಜಾಗ ಇರ್ಬಾರ್ದು."

ಅಂದು ಸಂಜೆ ಅವಳು ನನ್ನನ್ನೂ ಕರೆದುಕೊಂಡು ಶೆಡ್ಡಿಗೆ ಬಂದಳು. ವಿಷಯ ಕೇಳಿ ಆಚಾರ್ರ ಸುತ್ತಿಗೆ ನಿಂತಿತು.

"ಬ್ಯಾಡ ಕಣವ್ವ."

"ಇದು ಕಲ್ಲಲ್ಲ ಅಪ್ಪ, ಬರೀ ಬೆಳಕು. ಉಳಿ ಇಲ್ಲ, ಸುತ್ತಿಗೆ ಇಲ್ಲ."

"ಕೈ ನಿಂದೇ ತಾನೇ?"

ಅಂಥ ಮಾತನ್ನೆಲ್ಲ ನಂಬುವುದಿಲ್ಲ ಎನ್ನುವವಳು, ಬಲಗೈ ಬೆರಳುಗಳನ್ನು ಮಾತ್ರ ಮಡಚಿ ಬಿಚ್ಚಿ ನೋಡಿಕೊಂಡಳು. ಅಪ್ಪನೂ ಅದನ್ನೇ ನೋಡುತ್ತಿದ್ದರು. ಅವಳಿಗೆ ಒಂದು ಉಪಾಯ ಹೊಳೆಯಿತು.

"ನಾನು ಮಾಡೋದೇ ಬೇಡ. ನಿನ್ನ ಕಾಲಿನ ಫೋಟೋ ಸುತ್ತಲಿಂದ ತೆಗೆದ್ರೆ ಕಂಪ್ಯೂಟರೇ ಪಾದ ಕಟ್ಟಿಕೊಡುತ್ತೆ. ಅದು ಯಾರ ಕೈಯೂ ಮಾಡಿದ್ದಲ್ಲ."

ಮಗಳ ಕೈ ಉಳಿಯುತ್ತದೆ ಎಂಬುದೊಂದೇ ಆಚಾರ್ರಿಗೆ ಕೇಳಿಸಿತೋ ಏನೋ. ಕೊಡಪಾನದ ನೀರು ಸುರಿದು ಕಾಲು ತೊಳೆದುಕೊಂಡು ಮುಂದೆ ಚಾಚಿದರು.

"ತಗೋ. ಐವತ್ತು ವರ್ಷ ಕಲ್ಲು ಹಿಡಿದ ಕಾಲು. ದೇವರಿಗೆ ಸಣ್ಣದೇನೂ ಆಗಲ್ಲ."

ಅವಳು ಸುತ್ತ ತಿರುಗಿ ಫೋಟೋ ತೆಗೆದಳು. ಆಮೇಲೆ ಅವರನ್ನು ಶೆಡ್ಡಿನ ಆ ತುದಿಯಿಂದ ಈ ತುದಿಗೆ ನಡೆಸಿದಳು. ಅವರು ಎಡಗಾಲನ್ನು ತುಸು ಹೊರಗೆ ತಿರುಗಿಸಿ ನಡೆಯುತ್ತಿದ್ದರು. ನಾನು ಹಲಗೆಯ ಮೇಲಿಂದ ರೆಪ್ಪೆ ಬಡಿಯದೆ ನೋಡಿದೆ. ಆ ಸಂಜೆ ನನಗಾದಷ್ಟು ಆಸೆ ಹಿಂದೆಂದೂ ಆಗಿರಲಿಲ್ಲ.

ಅಂದಿನಿಂದ ನಾನು ಶೆಡ್ಡಿನ ಹಲಗೆಯ ಮೇಲೇ ಉಳಿದೆ. ಗೇಮ್ ಹೊರಬಂತು. ಕಂಡು ಕೇಳರಿಯದ ಊರುಗಳ ಮನೆಗಳಲ್ಲಿ ಹೊನ್ನುರಿ ನಡೆದ. ಮುಖ ನನ್ನದು, ಪಾದ ಆಚಾರ್ರದು. ಎಡಗಾಲನ್ನು ತುಸು ಹೊರಗೆ ತಿರುಗಿಸಿ ಅವನು ಬರುತ್ತಿದ್ದರೆ ಆಡುವವರು ಬಾಗಿಲು ಹುಡುಕಿ ಓಡುತ್ತಿದ್ದರಂತೆ. ಮೇದಿನಿ ಫೋನಿನಲ್ಲಿ ತೋರಿಸಿದಾಗ ಆಚಾರ್ರು ಮಗುವಿನ ಹಾಗೆ ನಕ್ಕರು. ನನಗೂ ಹಿಗ್ಗೋ ಹಿಗ್ಗು. ಅವಳು ಮಾತ್ರ ದಿನಾ ಬೆಳಿಗ್ಗೆ ತನ್ನ ಬೆರಳುಗಳನ್ನು ಚಿವುಟಿ ನೋಡಿಕೊಳ್ಳುತ್ತಿದ್ದಳು. ಅವಕ್ಕೆ ಏನೂ ಆಗಲಿಲ್ಲ.

ಆರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಆಚಾರ್ರು ನೀರು ಕುಡಿಯಲು ಎದ್ದವರು, ಕಲ್ಲುಚೂರಿಗೆ ಒರಗಿ ತುದಿ ಮೇಲಾಗಿ ಬಿದ್ದಿದ್ದ ಉಳಿಯ ಮೇಲೆ ಎಡಗಾಲಿಟ್ಟರು. ತುದಿ ಪಾದಕ್ಕೆ ಆಳವಾಗಿ ಚುಚ್ಚಿ ಹೊರಬಂತು. ಅವರು ನಿಲ್ಲಲಿಲ್ಲ. ನೀರು ಕುಡಿದು ಬಂದು ಕೂತರು, ಕಲ್ಲನ್ನು ಕಾಲುಗಳ ನಡುವೆ ಹಿಡಿದು ಹಾಡು ಗುನುಗುತ್ತ ಕೆತ್ತತೊಡಗಿದರು. ಬಿಳಿ ಕಲ್ಲುಪುಡಿಯ ಮೇಲೆ ಕೆಂಪು ಹರಡುತ್ತಿತ್ತು. ನಾನು ನೋಡುತ್ತಿದ್ದೆ. ಕೂಗಿಕೊಳ್ಳಲು ನನಗಿರುವುದು ಕೆತ್ತಿದ ಬಾಯಿ. ಸಂಜೆ ಬಂದ ಮೇದಿನಿ ಕಿರುಚಿದಾಗಲೇ ಅವರು ಕೆಳಗೆ ನೋಡಿಕೊಂಡದ್ದು.

ಹತ್ತು ವರ್ಷದ ಸಕ್ಕರೆ ಕಾಯಿಲೆ, ಸರಿಯಾಗಿ ಮಾತ್ರೆ ತಗೊಂಡಿಲ್ಲ, ಅದಕ್ಕೇ ಕಾಲಿನ ಸ್ಪರ್ಶ ಹೋಗಿದೆ ಎಂದರು ಡಾಕ್ಟರು. ಅದು ನಿಜವೇ. ಗಾಯ ಮಾಗಲಿಲ್ಲ. ಕೊನೆಗೆ ಎಡಪಾದವನ್ನು ತೆಗೆದರು. ನಾನೇನೂ ಮಾಡಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ನಾನು ಬಯಸಿದೆ, ಅಷ್ಟೆ.

ಆಚಾರ್ರು ಊರುಗೋಲಿನಲ್ಲಿ ಶೆಡ್ಡಿಗೆ ಬಂದ ದಿನ ಮೇದಿನಿ ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. "ನಿನ್ನ ಕಾಲನ್ನ ನಾನೇ ತಗೊಂಡೆ ಅಪ್ಪ."

"ಕೈ ಕೊಡಿಲ್ಲಿ" ಎಂದರು ಆಚಾರ್ರು. ಸಣ್ಣ ಉಳಿಯ ತುದಿಯನ್ನು ಅವಳ ಒಂದೊಂದೇ ಬೆರಳಿಗೆ ಮೆಲ್ಲಗೆ ಮುಟ್ಟಿಸಿದರು. "ಗೊತ್ತಾಗುತ್ತಾ? ಇದು? ಇದು?" ಹತ್ತು ಬೆರಳಿಗೂ ಅವಳು ಹೂಂ ಎಂದಳು. "ಸದ್ಯ" ಎಂದು ಉಸಿರು ಬಿಟ್ಟರು.

ಆ ಒಂದು ಮಾತಿಗೆ ನನಗೆ ನಾಚಿಕೆಯಾಯಿತು. ಇನ್ನು ಏನನ್ನೂ ಬಯಸಬಾರದು ಎಂದುಕೊಂಡೆ.

ಆದರೆ ಗೇಮಿನ ಎರಡನೆಯ ಭಾಗ ಶುರುವಾಯಿತು. ಬೋಪಯ್ಯ ಫೋನ್ ಮಾಡಿದ. ಹೊನ್ನುರಿ ಈ ಸಲ ಮಾತಾಡಬೇಕು, ಸದ್ಯಕ್ಕೆ ಮೇದಿನಿಯೇ ಅವನ ಮಾತಿನ ಸಾಲುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ ಎಂದ. ಸ್ಪೀಕರಿನಲ್ಲಿ ಆಚಾರ್ರಿಗೂ ಕೇಳಿಸಿತು.

"ನೀನು ಬಾಯಿ ಬಿಡಬ್ಯಾಡ" ಎಂದರು. "ನಾನು ಹೇಳ್ತೀನಿ."

"ಬೇಡಪ್ಪ. ನಾನು ಈ ಕೆಲಸಾನೇ ಬಿಡ್ತೀನಿ."

"ನೀ ಬಿಟ್ರೆ ಇನ್ಯಾರದೋ ಮನೆ ಮಗಳನ್ನ ಕೂರಿಸ್ತಾರೆ. ಅವಳಿಗೂ ಅಪ್ಪ ಇರ್ತಾನೆ."

ಅವಳು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಈಗ ಅವರು ದೊಡ್ಡ ಕಲ್ಲು ಕೆತ್ತುವುದಿಲ್ಲ, ಹಿಡಿಯಲು ಕಾಲಿಲ್ಲ. ನನ್ನನ್ನು ಹಲಗೆಯಿಂದ ಇಳಿಸಿ ಶೆಡ್ಡಿನ ಮೂಲೆಯಲ್ಲಿ, ತಮ್ಮ ಎದುರಿಗೆ ಇಟ್ಟುಕೊಂಡಿದ್ದಾರೆ. ದಿನಾ ಬೆಳಿಗ್ಗೆ ಊರುಗೋಲು ಒರಗಿಸಿ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ನನ್ನ ಮುಖ ನೋಡುತ್ತ ಒಂದೊಂದೇ ಸಾಲು ಹೇಳುತ್ತಾರೆ. "ಯಾರು ನನ್ನ ಮುಂದೆ ನಿಂತವರು?" ಎಂದು ಅವರು ಎತ್ತಿದ ದನಿಯಲ್ಲಿ ಕೇಳಿದರೆ ತಗಡು ನಡುಗುತ್ತದೆ. ಮೊನ್ನೆಯಿಂದ ನಡುನಡುವೆ ದನಿ ಒಡೆಯುತ್ತಿದೆ. ಕೆಮ್ಮಿ, ಕಲ್ಲಿನ ಧೂಳು ಎನ್ನುತ್ತಾರೆ.

ನಾನೂ ಈಗ ಹಳಬನಾದೆ. ಕಿರೀಟದ ಅಂಚು ಮುಕ್ಕಾಗಿದೆ, ತಾವರೆಯ ಎಸಳು ಉದುರಿದೆ. ಈ ಮನುಷ್ಯ ನನಗೆ ಮುಖ ಕೊಟ್ಟ, ಕಣ್ಣು ಕೊಟ್ಟ, ಇನ್ನೇನು ಬೇಕು ನನಗೆ? ಬೇಡ, ಸಾಕು ಎಂದು ದಿನವೂ ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ಆದರೆ ಅವರು ಬಾಯಿ ತೆರೆದ ಕೂಡಲೇ ನನಗೆ ಬೇರೇನೂ ನೆನಪಿರುವುದಿಲ್ಲ. ಆ ದನಿ ಎಷ್ಟು ಚೆನ್ನಾಗಿದೆ ಎಂದಷ್ಟೇ ಅನಿಸುತ್ತದೆ. ಇನ್ನೂ ಹನ್ನೊಂದು ಸಾಲು ಉಳಿದಿವೆ.